ಇಪ್ಪತ್ತು ವರ್ಷದ ಡೆಡ್‌ಲೈನು ಮತ್ತು ಒಂದು ವಾಶ್‌ಬೇಸಿನ್ನು

ನಮ್ಮ ಸಾಫ್ಟ್‌ವೇರ್ ಮಂದಿ ಎರಡು ವಾರ ತಡ ಮಾಡಿದರೆ ಮ್ಯಾನೇಜರ್ ಮುಖ ಕೆಂಪಗಾಗುತ್ತೆ. ಸ್ಪೇನಿನಲ್ಲಿ ಒಬ್ಬ ಪುಣ್ಯಾತ್ಮರು ರಾಜಕುಟುಂಬದ ಚಿತ್ರ ಬರೆದುಕೊಡ್ತೀನಿ ಅಂತ ಒಪ್ಪಿಕೊಂಡು 1994ರಲ್ಲಿ ಶುರುಮಾಡಿ ಮುಗಿಸಿದ್ದು 2014ರಲ್ಲಿ. ಅದೇ ವರ್ಷ ರಾಜ ಹ್ವಾನ್ ಕಾರ್ಲೋಸ್ ಪಟ್ಟವನ್ನೇ ಬಿಟ್ಟುಕೊಟ್ಟಿದ್ದರು!

ಇವರ ಹೆಸರು ಆಂಟೋನಿಯೋ ಲೋಪೆಸ್ ಗಾರ್ಸಿಯಾ. ಹುಟ್ಟಿದ್ದು 1936ರಲ್ಲಿ, ಅಂದರೆ ಅಂತರ್ಯುದ್ಧ ಶುರುವಾದ ವರ್ಷ, ತೊಮೆಯೋಸೋ ಎಂಬ ದ್ರಾಕ್ಷಿತೋಟಗಳ ಊರಿನಲ್ಲಿ. ಮನೆತನದಲ್ಲೇ ಚಿತ್ರಕಾರರೊಬ್ಬರಿದ್ದರು, ಲೋಪೆಸ್ ಟೊರೆಸ್ ಅಂತ. ಕೈಹಿಡಿದು ಕಲಿಸಿದ್ದು ಅವರೇ. ಹದಿಮೂರಕ್ಕೆ ಹುಡುಗ ಮ್ಯಾಡ್ರಿಡ್ ಸೇರಿದ.

ಆಗ ಅಲ್ಲಿ ಅಮೂರ್ತ ಕಲೆಯ ಗಾಳಿ. 1957ರಲ್ಲಿ 'ಎಲ್ ಪಾಸೋ' ಎಂಬ ಗುಂಪು ಹುಟ್ಟಿತು. ಅಂಥ ಕಾಲದಲ್ಲಿ ಇವರು, ಇವರ ಹೆಂಡತಿ ಮರಿಯಾ ಮೊರೆನೋ, ಇನ್ನೂ ಕೆಲವು ಗೆಳೆಯರು ಮನೆ, ಕಿಟಕಿ, ಊಟದ ಮೇಜು ಅಂತ ಬರೀತಾ ಕೂತರು. ಹಳೇ ಕಾಲದವರು ಅನ್ನಿಸಿಕೊಳ್ಳೋಕೆ ಇಷ್ಟು ಸಾಕಲ್ಲ!

ಮ್ಯಾಡ್ರಿಡ್‌ನ 'ಗ್ರಾನ್ ವಿಯಾ' ರಸ್ತೆಯ ಚಿತ್ರ 1974ರಿಂದ 1981ರವರೆಗೆ ನಡೆಯಿತು. ಬೇಸಿಗೆಯ ಬೆಳಗಿನ ಆ ಬೆಳಕು ಇರೋದು ಅರ್ಧ ಗಂಟೆಯೂ ಇಲ್ಲ. ಅಷ್ಟು ಹೊತ್ತು ಬರೆದು ಎದ್ದು ಬರೋದು, ನಾಳೆ ಮತ್ತೆ ಹೋಗೋದು. ಚಿತ್ರದಲ್ಲಿ ಒಂದು ನರಪಿಳ್ಳೆಯೂ ಇಲ್ಲ. 1990ರಲ್ಲಿ ಹಿತ್ತಲಿನ ಕ್ವಿನ್ಸ್ ಹಣ್ಣಿನ ಗಿಡ ಬರೆಯಲು ಹೊರಟಾಗ ನಿರ್ದೇಶಕ ವಿಕ್ಟರ್ ಎರಿಥೆ ಅದನ್ನೇ ಸಿನಿಮಾ ಮಾಡಿದರು. ಇವರು ಎಲೆ, ಹಣ್ಣಿನ ಮೇಲೆಲ್ಲ ಬಿಳಿ ಗುರುತು ಹಾಕಿ, ತೂಗುಗುಂಡು ಕಟ್ಟಿ ಅಳೀತಾರೆ. ಹಣ್ಣು ಬಲಿತಂತೆ ಗುರುತು ಕೆಳಗಿಳಿಯುತ್ತೆ. ಮಳೆ ಬಂತು, ತೈಲಚಿತ್ರ ಅರ್ಧಕ್ಕೇ ನಿಂತಿತು. ಪೆನ್ಸಿಲ್ ಹಿಡಿದರು, ಅದೂ ಮುಗಿಯಲಿಲ್ಲ. ಆದರೆ ಸಿನಿಮಾಕ್ಕೆ 1992ರಲ್ಲಿ ಕಾನ್‌ನಲ್ಲಿ ಜ್ಯೂರಿ ಪ್ರಶಸ್ತಿ ಬಂತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ 1967ರ 'ವಾಶ್‌ಬೇಸಿನ್ ಮತ್ತು ಕನ್ನಡಿ'. ಈಗ ಬಾಸ್ಟನ್ನಿನ ಮ್ಯೂಸಿಯಂನಲ್ಲಿದೆ (ನಾನು ನೋಡಿದ್ದು ಸ್ಕ್ರೀನಿನ ಮೇಲೆ). ಬೇಸಿನ್ನು ಬಗ್ಗಿ ನೋಡಿದ ಹಾಗೆ, ಕನ್ನಡಿ ನೆಟ್ಟಗೆ ನೋಡಿದ ಹಾಗೆ. ಎರಡು ನೋಟ ಒಂದೇ ಹಲಗೆಯಲ್ಲಿ. ನಡುವೆ ಟೈಲ್ಸ್ ಗೆರೆ ಕೂಡೋದೇ ಇಲ್ಲ, ಅದನ್ನು ಮುಚ್ಚಿಯೂ ಇಲ್ಲ. ಕೆಳಗೆ ಗಾಜಿನ ಹಲಗೆಯ ಮೇಲೆ ದಿನಬಳಕೆಯ ಸಾಮಾನು. ಕನ್ನಡಿಯಲ್ಲಿ ಯಾರೂ ಇಲ್ಲ.

ಹೋದ ವರ್ಷ ಊರಲ್ಲಿ ಅಜ್ಜನ ಮನೆ ಕೆಡವಿದರು. ಜಗಲಿಯ ಫೋಟೋ ಹತ್ತಾರಿವೆ. ಬಚ್ಚಲುಮನೆಯದು ಒಂದೂ ಇಲ್ಲ. ಅಜ್ಜ ಶೇವಿಂಗ್ ಬ್ರಶ್ ಇಡುತ್ತಿದ್ದ ಗೂಡು ಹಂಡೆಯ ಯಾವ ಕಡೆಗಿತ್ತು ಅಂತ ಅಮ್ಮನಿಗೆ ಫೋನ್ ಮಾಡಿ ಕೇಳಿದೆ. ಎಡಕ್ಕೆ ಅಂದಳು. ಪಕ್ಕದಲ್ಲೇ ಇದ್ದ ಮಾವ, "ಅಲ್ಲ ಕಣೇ, ಬಲಕ್ಕೆ" ಅಂದರು.