ಮುಂಗುಸಿಯೂ ತೊಟ್ಟಿಲೂ

ಮುಂಗುಸಿಯ ಕಥೆ ಕೇಳದೆ ಬೆಳೆದವರು ನಮ್ಮಲ್ಲಿ ಕಡಿಮೆ. ತೊಟ್ಟಿಲ ಬಳಿ ಬಂದ ಹಾವನ್ನು ಕೊಂದ ಮುಂಗುಸಿ ರಕ್ತದ ಬಾಯಿಯಲ್ಲೇ ಬಾಗಿಲಿಗೆ ಓಡಿ ಬರುತ್ತದೆ. ನೀರು ಹೊತ್ತು ಬಂದ ತಾಯಿ, ಅದು ಮಗುವನ್ನೇ ಕೊಂದಿತೆಂದು ಬಗೆದು, ಕೊಡವನ್ನು ಅದರ ಮೇಲೆ ಎತ್ತಿಹಾಕುತ್ತಾಳೆ. ದುಡುಕಬಾರದು ಎಂಬುದು ನೀತಿ. ‘ಹೆಂಗಸರ ಬುದ್ಧಿಯೇ ಹೀಗೆ’ ಎಂಬ ಚುಚ್ಚುಮಾತೂ ಒಮ್ಮೊಮ್ಮೆ ಜೊತೆಗೆ ಸೇರುತ್ತದೆ.

ಹಳೆಯ ಗ್ರಂಥಗಳನ್ನು ತೆರೆದರೆ ಸಂಗತಿ ಬೇರೆಯೇ. ಹಿತೋಪದೇಶದಲ್ಲಿ ಮುಂಗುಸಿಯನ್ನು ಕೊಲ್ಲುವವನು ತಂದೆ. ಮಗುವನ್ನು ನೋಡಿಕೊಳ್ಳಲು ಹೇಳಿ ಹೆಂಡತಿ ಸ್ನಾನಕ್ಕೆ ಹೋಗಿರುತ್ತಾಳೆ. ಅರಮನೆಯಿಂದ ಶ್ರಾದ್ಧದ ಕರೆ ಬಂದೊಡನೆ ಅವನು ಮಗುವನ್ನು ಮುಂಗುಸಿಗೆ ಒಪ್ಪಿಸಿ ಹೊರಟುಬಿಡುತ್ತಾನೆ! ಪೂರ್ಣಭದ್ರ 1199ರಲ್ಲಿ ಪರಿಷ್ಕರಿಸಿದ ಪಂಚತಂತ್ರದಲ್ಲಿ ಕೊಡ ಎತ್ತಿಹಾಕುವವಳು ತಾಯಿಯೇ. ಆದರೆ ಆಕೆ ಗಂಡನನ್ನು ಎಚ್ಚರಿಸಿಯೇ ನೀರಿಗೆ ಹೋಗಿದ್ದಳು. ಆತ ಭಿಕ್ಷೆಗೆಂದು ಮನೆ ಬಿಟ್ಟಿದ್ದ.

ಇದೇ ಎಳೆಯ ಕಥೆ ಯುರೋಪಿನಲ್ಲೂ ಇದೆ. ಅಲ್ಲಿ ಮುಂಗುಸಿಯ ಬದಲು ನಾಯಿ. 13ನೇ ಶತಮಾನದಲ್ಲಿ ಫ್ರಾನ್ಸಿನ ಲಿಯೋನ್ ನಗರದ ಕಡೆಯ ತಾಯಂದಿರು, ಹೀಗೆ ಅನ್ಯಾಯವಾಗಿ ಸತ್ತ ಗಿನ್‌ಫೋರ್ ಎಂಬ ಬೇಟೆನಾಯಿಯ ಸಮಾಧಿಗೆ ಕಾಯಿಲೆಯ ಮಕ್ಕಳನ್ನು ಒಯ್ಯುತ್ತಿದ್ದರು. ಎಟಿಯೆನ್ ದ ಬೂರ್ಬೋನ್ ಎಂಬ ಪಾದ್ರಿ ಅದರ ಎಲುಬುಗಳನ್ನು ಅಗೆಸಿ ಸುಡಿಸಿದ, ತೋಪನ್ನೂ ಕಡಿಸಿದ. ಆದರೂ 19ನೇ ಶತಮಾನದಲ್ಲೂ ಆ ನಂಬಿಕೆ ಉಳಿದಿತ್ತು.

ದೇಶ, ಪ್ರಾಣಿ ಬದಲಾದರೂ ಒಂದು ಮಾತ್ರ ಬದಲಾಗಲಿಲ್ಲ: ತೊಟ್ಟಿಲ ಪಕ್ಕದಲ್ಲಿ ದೊಡ್ಡವರು ಯಾರೂ ಇರಲಿಲ್ಲ.

ನನ್ನ ಮಗಳು ಚೊಚ್ಚಲ ಹೆರಿಗೆಗೆ ಬಂದಾಗ ನಮ್ಮ ಮನೆಯಲ್ಲಿ ಏಳು ವರ್ಷದ ನಾಯಿಯಿತ್ತು. ‘ಊರಾಚೆ ಬಿಟ್ಟುಬನ್ನಿ’ ಎಂದವರೇ ಹೆಚ್ಚು. ಅನ್ನ ಹಾಕಿದ ಕೈಯನ್ನೇ ನಂಬಿದ ಜೀವ ಬೀದಿಯಲ್ಲಿ ಎಷ್ಟು ದಿನ ಬಾಳೀತು? ಎರಡು ತಿಂಗಳು ಮೊದಲೇ ಅದರ ಚಾಪೆ ಬಾಣಂತಿ ಕೋಣೆಯಿಂದ ಪಡಸಾಲೆಗೆ ಬಂತು. ಮಗು ಬಂದ ಮೇಲೆ ಈ ಸ್ಥಳ ಕಳೆದುಕೊಂಡಿದ್ದರೆ ಅದಕ್ಕೆ ಮಗುವೇ ವೈರಿಯಾಗಿ ಕಾಣಬಹುದಿತ್ತು. ಹುಚ್ಚುನಾಯಿ ರೋಗದ ಲಸಿಕೆ, ಜಂತುಹುಳುವಿನ ಮಾತ್ರೆ ಆದವು. ಮಗುವಿಗೆ ಸುತ್ತಿದ್ದ ಬಟ್ಟೆಯೊಂದು ಆಸ್ಪತ್ರೆಯಿಂದ ಮೊದಲೇ ಮನೆಗೆ ಬಂತು. ನಾಯಿ ಮೂಸಿ ನೋಡಿ ಸುಮ್ಮನೆ ಮಲಗಿತು.

ಬೆಕ್ಕು ಸಾಕಿದವರಿಗೆ ಇನ್ನೊಂದು ಮಾತು. ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ ಬೆಕ್ಕಿನ ಮಲದಿಂದ ಹರಡುತ್ತದೆಂದು 1970ರ ಹೊತ್ತಿಗೆ ಖಚಿತವಾಯಿತು. ಗರ್ಭಿಣಿಗೆ ಆಗ ಮೊದಲ ಬಾರಿ ಈ ಸೋಂಕು ತಗುಲಿದರೆ ಭ್ರೂಣಕ್ಕೆ ಕೇಡು. ಆದರೆ ಮಲದಲ್ಲಿರುವ ಅದು ಸೋಂಕು ಹರಡುವ ಸ್ಥಿತಿಗೆ ಬರಲು ಒಂದು ದಿನವಾದರೂ ಬೇಕು. ಆದ್ದರಿಂದ ಮರಳಿನ ತಟ್ಟೆಯನ್ನು ದಿನವೂ ಮನೆಯ ಬೇರೆಯವರು ತೆಗೆಯಲಿ. ಬೇಯದ ಮಾಂಸ, ತೊಳೆಯದ ಸೊಪ್ಪು, ತೋಟದ ಮಣ್ಣಿನಿಂದಲೂ ಈ ಸೋಂಕು ಬರಬಹುದು. ಬೆಕ್ಕನ್ನು ಓಡಿಸಿದ ಮಾತ್ರಕ್ಕೆ ನಿಶ್ಚಿಂತೆಯಿಲ್ಲ.

ಇಷ್ಟಾದರೂ ಎಷ್ಟೇ ಸಾಧುವಾದ ಪ್ರಾಣಿಯ ಜೊತೆ ಕೂಸನ್ನು ಒಂದು ಗಳಿಗೆಯೂ ಒಂಟಿಯಾಗಿ ಬಿಡಬಾರದು. ನಮ್ಮಲ್ಲಿ ಕಾವಲಿಗೆ ಪಾಳಿ ಹಾಕಿದ್ದೆವು. ಮಧ್ಯಾಹ್ನದ್ದು ನಮ್ಮ ಯಜಮಾನರ ಪಾಳಿ. ಪತ್ರಿಕೆ ಓದುವುದಾದರೂ ತೊಟ್ಟಿಲ ಪಕ್ಕದಲ್ಲೇ ಕೂತು ಓದಬೇಕು. ಅರಮನೆಯಿಂದ ಕರೆ ಬಂದರೂ ಏಳುವಂತಿಲ್ಲ!