ಮೈಸ್ಟರರ ಟರ್ಬೊ

ಶಿರಾಡಿ ಘಾಟಿ ಹತ್ತಿ ಬಂದ ಲಾರಿಗಳು ಸಕಲೇಶಪುರದ ಹತ್ತಿರ ಚಹಾದಂಗಡಿಯ ಮುಂದೆ ನಿಂತಾಗ ಗಮನಿಸಿ ನೋಡಿ. ಡ್ರೈವರು ಇಳಿದು ಮುಖ ತೊಳೆದು ಚಹಾಕ್ಕೆ ಹೇಳಿದ ಮೇಲೂ ಎಂಜಿನ್ ಗುರುಗುಡುತ್ತಲೇ ಇರುತ್ತದೆ. ಡೀಸೆಲ್ಲಿಗೆ ದುಡ್ಡು ಕೊಡುವವನು ಮಾಲೀಕ ತಾನೇ ಎಂಬ ಉದಾಸೀನದಿಂದಲ್ಲ ಅದು. ಕೇಳಿದರೆ, "ಟರ್ಬೊ ಗಾಡಿ ಸಾರ್, ಸ್ವಲ್ಪ ಆರಬೇಕು" ಎನ್ನುತ್ತಾರೆ. ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಸ್ಟುಟ್‌ಗಾರ್ಟ್ ಪಕ್ಕದ ಒಂದು ಹಳ್ಳಿಯ ಶೆಡ್ಡು, ಅಲ್ಲಿನ ಎಣ್ಣೆ ವಾಸನೆ, ಮತ್ತು ನಾನು ತಿರುಗಿಸಬಾರದಿದ್ದ ಒಂದು ತಿರುಪು ನೆನಪಾಗುತ್ತವೆ.

ಬೆಂಗಳೂರಿನಲ್ಲಿ ಡೀಸೆಲ್ ಪಂಪು ತಯಾರಿಸುವ ಕಾರ್ಖಾನೆಯಲ್ಲಿ ನನಗೆ ಕೆಲಸ. 1984ರ ಸೆಪ್ಟೆಂಬರಿನಲ್ಲಿ ಒಂದು ವರ್ಷದ ತರಬೇತಿಗೆಂದು ಜರ್ಮನಿಗೆ ಕಳಿಸಿದರು. ಅಲ್ಲಿ ನಮ್ಮ ವಿಭಾಗದ ಹಿರಿಯ ಮೈಸ್ಟರ್ ಒಬ್ಬರು, ನಿವೃತ್ತಿಗೆ ಮೂರು ವರ್ಷ ಉಳಿದವರು, ನನ್ನನ್ನು ಶನಿವಾರಗಳಂದು ಮನೆಗೆ ಕರೆಯತೊಡಗಿದರು. ಮೈಸ್ಟರ್ ಎಂಬುದು ಅವರ ಹೆಸರಲ್ಲ, ಪದವಿ. ನಾವು ಪೋರ್ಚುಗೀಸರಿಂದ ಪಡೆದ 'ಮೇಸ್ತ್ರಿ'ಯೂ ಅವರ 'ಮೈಸ್ಟರ್' ಕೂಡ ಲ್ಯಾಟಿನ್ನಿನ ಒಂದೇ ತಾಯಿಯ ಮಕ್ಕಳು ಎಂದು ಅವರಿಗೆ ಹೇಳಿದಾಗ ಬಹಳ ಖುಷಿಪಟ್ಟರು. ಅಂದಿನಿಂದ ನಾನು ಅವರನ್ನು 'ಮೇಸ್ತ್ರಿಗಳೇ' ಎಂದೂ ಅವರು ನನ್ನನ್ನು ತುಸು ಹಾಸ್ಯದಿಂದ 'ಹೆರ್ ಇಂಜಿನಿಯರ್' ಎಂದೂ ಕರೆಯುವುದು ರೂಢಿಯಾಯಿತು. ಕರೆದದ್ದು ಊಟಕ್ಕೆ. ಆದರೆ ಊಟಕ್ಕೆ ಮುಂಚೆ ಶೆಡ್ಡಿನಲ್ಲಿ ನಾಲ್ಕು ತಾಸು ಕೆಲಸ ಇರುತ್ತಿತ್ತು.

ಶೆಡ್ಡಿನಲ್ಲಿದ್ದದ್ದು 1972ರ ಬಿ.ಎಂ.ಡಬ್ಲ್ಯು. 2002 ಟಿಐಐ. ಎರಡು ಬಾಗಿಲಿನ, ಚೌಕು ಮುಖದ, ಈಗಿನವರು ಕ್ರೀಡಾ ಕಾರು ಎಂದರೆ ನಂಬದಷ್ಟು ಸಾಧು ಕಾರು. ಆದರೆ ಅದರ ಹುಟ್ಟೇ ತುಂಟತನದಲ್ಲಿದೆ. 1600 ಸಿ.ಸಿ.ಯ ಚಿಕ್ಕ ಕಾರಿಗೆ ಎರಡು ಲೀಟರಿನ ಎಂಜಿನ್ ಕೂರಿಸಿ ತಮ್ಮ ಸ್ವಂತ ಉಪಯೋಗಕ್ಕೆ ಇಟ್ಟುಕೊಂಡಿದ್ದವರು ಕಂಪನಿಯೊಳಗೇ ಇಬ್ಬರಿದ್ದರು: ಎಂಜಿನ್ನಿನ ಕರ್ತೃ ಅಲೆಕ್ಸ್ ಫಾನ್ ಫಾಲ್ಕನ್‌ಹೌಸನ್, ಮತ್ತು ಯೋಜನಾ ವಿಭಾಗದ ಹೆಲ್ಮುಟ್ ವೆರ್ನರ್ ಬೋನ್ಷ್. ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲವಂತೆ. ಗೊತ್ತಾದ ಮೇಲೆ ಇಬ್ಬರೂ ಸೇರಿ ಆಡಳಿತ ಮಂಡಳಿಯನ್ನು ಒಪ್ಪಿಸಿದರು. 1968ರಲ್ಲಿ 2002 ಮಾರುಕಟ್ಟೆಗೆ ಬಂತು. ಅಮೆರಿಕದಲ್ಲಿ ಅದು ಆ ಕಂಪನಿಗೆ ಹೆಸರು ತಂದುಕೊಟ್ಟಿತು.

ಮೈಸ್ಟರರ ಆಸೆ ಟಿಐಐ ಅಲ್ಲ, ಟರ್ಬೊ. ಅದರ ಕಥೆ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು, ಓದುಗರು ಸಹಿಸಬೇಕು.

ಎಂಜಿನ್ನಿನಿಂದ ಹೊರಬೀಳುವ ಹೊಗೆಯಲ್ಲಿ ಇನ್ನೂ ಬೇಕಾದಷ್ಟು ಕಸುವಿರುತ್ತದೆ. ನಾವು ಅದನ್ನು ಸೈಲೆನ್ಸರಿನ ಮೂಲಕ ಗಾಳಿಗೆ ಬಿಟ್ಟು ಕೈತೊಳೆದುಕೊಳ್ಳುತ್ತೇವೆ. ಆ ಹೊಗೆಯಿಂದಲೇ ಒಂದು ಚಕ್ರ ತಿರುಗಿಸಿ, ಅದೇ ಅಚ್ಚಿಗೆ ಕಟ್ಟಿದ ಇನ್ನೊಂದು ಚಕ್ರದಿಂದ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬಿದರೆ ಹೇಗೆ ಎಂದು ಯೋಚಿಸಿದವನು ಸ್ವಿಟ್ಸರ್ಲೆಂಡಿನ ಇಂಜಿನಿಯರ್ ಆಲ್ಫ್ರೆಡ್ ಬ್ಯೂಖಿ. 1905ರಲ್ಲಿ ಪೇಟೆಂಟ್ ಪಡೆದ. ಅದು ನಿಜವಾಗಿ ದುಡಿಯಲು ಇಪ್ಪತ್ತು ವರ್ಷ ಹಿಡಿಯಿತು. 1920ರ ದಶಕದ ನಡುವೆ ಎರಡು ಜರ್ಮನ್ ಪ್ರಯಾಣಿಕ ಹಡಗುಗಳ ಡೀಸೆಲ್ ಎಂಜಿನ್ನುಗಳಿಗೆ ಬ್ಯೂಖಿಯ ಯಂತ್ರ ಕೂರಿಸಿದಾಗ 1750 ಅಶ್ವಶಕ್ತಿ 2500ಕ್ಕೆ ಏರಿತು. ಈ ನಡುವೆ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಎಂಬಾತ 1918ರಲ್ಲಿ ಒಂದು ವಿಮಾನದ ಎಂಜಿನ್ನನ್ನು 14,000 ಅಡಿ ಎತ್ತರದ ಪೈಕ್ಸ್ ಪೀಕ್ ಬೆಟ್ಟದ ತುದಿಗೆ ಸಾಗಿಸಿ ಪರೀಕ್ಷೆ ಮಾಡಿದ. ಕೆಳಗೆ 350 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ ಮೇಲಿನ ತೆಳು ಗಾಳಿಯಲ್ಲಿ 230ಕ್ಕೆ ಇಳಿಯಿತು; ಟರ್ಬೊ ಜೋಡಿಸಿದಾಗ 356.

ಹಡಗಿಗೂ ವಿಮಾನಕ್ಕೂ ಒಗ್ಗಿದ್ದು ಕಾರಿಗೆ ಒಗ್ಗಲಿಲ್ಲ. ಹಡಗು ಒಂದೇ ವೇಗದಲ್ಲಿ ದಿನಗಟ್ಟಲೆ ಹೋಗುತ್ತದೆ. ಕಾರು ನಿಮಿಷಕ್ಕೆ ಹತ್ತು ಸಲ ನಿಂತು ಓಡುತ್ತದೆ. ಅಮೆರಿಕನ್ನರು 1962ರಲ್ಲಿ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್, ಷೆವರ್ಲೆ ಕಾರ್ವೇರ್ ಎಂಬ ಎರಡು ಟರ್ಬೊ ಕಾರುಗಳನ್ನು ಮಾರಿದರು. ಜೆಟ್‌ಫೈರಿಗೆ ಪೆಟ್ರೋಲಿನ ಜೊತೆಗೆ ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನೂ ಬೇರೆ ಡಬ್ಬದಲ್ಲಿ ತುಂಬಿಸಬೇಕಿತ್ತು. ತುಂಬಿಸಲು ಮರೆಯುವುದು ಮನುಷ್ಯಸಹಜ. ಆ ಕಾರು ಬೇಗನೆ ನಿಂತುಹೋಯಿತು.

ಜರ್ಮನರು ಇದನ್ನು ಓಟದ ಮೈದಾನದಲ್ಲಿ ಕಲಿತರು. 1969ರಲ್ಲಿ ಟರ್ಬೊ ಹಾಕಿದ 2002 ಕಾರು ಡೀಟರ್ ಕ್ವೆಸ್ಟರ್ ಕೈಯಲ್ಲಿ ಯೂರೋಪಿನ ಟೂರಿಂಗ್ ಕಾರ್ ಪಂದ್ಯಗಳಲ್ಲಿ ಗೆದ್ದಿತು. ಪೋರ್ಷೆಯವರು 1972, 1973ರಲ್ಲಿ ತಮ್ಮ 917 ಕಾರಿಗೆ ಟರ್ಬೊ ಹಾಕಿ ಅಮೆರಿಕದ ಕ್ಯಾನ್-ಆಮ್ ಪಂದ್ಯಾವಳಿಯನ್ನು ಬಾಚಿಕೊಂಡರು. ಆ ಎಂಜಿನ್ ಸಾವಿರ ಅಶ್ವಶಕ್ತಿ ದಾಟಿತ್ತು.

1973ರ ಸೆಪ್ಟೆಂಬರಿನ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಬಿ.ಎಂ.ಡಬ್ಲ್ಯು. 2002 ಟರ್ಬೊ ಕಾಣಿಸಿಕೊಂಡಿತು. 170 ಅಶ್ವಶಕ್ತಿ, ಗಂಟೆಗೆ 211 ಕಿಲೋಮೀಟರ್. ಮೂತಿಯ ಕೆಳಗೆ 'ಟರ್ಬೊ' ಎಂಬ ಅಕ್ಷರಗಳನ್ನು, ನಮ್ಮ ಆಂಬುಲೆನ್ಸುಗಳ ಮೇಲೆ ಬರೆಯುವಂತೆ, ಕನ್ನಡಿಯ ಅಕ್ಷರಗಳಲ್ಲಿ ಬರೆದಿದ್ದರು. ಮುಂದಿನವನು ತನ್ನ ಕನ್ನಡಿಯಲ್ಲಿ ಓದಿ ದಾರಿ ಬಿಡಲಿ ಎಂದು! ಜರ್ಮನಿಯ ಪತ್ರಿಕೆಗಳು ಇದು ಅಹಂಕಾರ ಎಂದು ಹಿಡಿದು ಬೈದವು, ಅಕ್ಷರ ಕಿತ್ತುಹಾಕಿದರು. ಅಷ್ಟರಲ್ಲಿ ಅಕ್ಟೋಬರಿನಲ್ಲಿ ಅರಬ್ಬರಿಗೂ ಇಸ್ರೇಲಿಗೂ ಯುದ್ಧವಾಗಿ ಎಣ್ಣೆಗೆ ಬರ ಬಂತು. ನಮ್ಮಲ್ಲಿ ಸೀಮೆಎಣ್ಣೆಗೆ ಡಬ್ಬ ಹಿಡಿದು ಸಾಲು ನಿಂತ ಕಾಲ ಅದು. ಜರ್ಮನಿಯಲ್ಲಿ ನವೆಂಬರ್ 25ರಿಂದ ನಾಲ್ಕು ಭಾನುವಾರ ಕಾರು ಓಡಿಸುವುದನ್ನೇ ನಿಷೇಧಿಸಿದರು. ಆಟೋಬಾನಿನಲ್ಲಿ ಜನ ಸೈಕಲ್ಲು ತುಳಿದರು, ನಡೆದರು. ಅಂಥ ಹೊತ್ತಿನಲ್ಲಿ ಟರ್ಬೊ ಯಾರಿಗೆ ಬೇಕು? 1672 ಕಾರು ತಯಾರಿಸಿ ನಿಲ್ಲಿಸಿಬಿಟ್ಟರು. ಪೋರ್ಷೆ ಕಂಪನಿಯವರದು ಗಟ್ಟಿ ಗುಂಡಿಗೆ. ಅದೇ ಬರಗಾಲದಲ್ಲೇ, 1974ರ ಅಕ್ಟೋಬರಿನಲ್ಲಿ, ಪ್ಯಾರಿಸ್ಸಿನಲ್ಲಿ 911 ಟರ್ಬೊ ತೋರಿಸಿದರು, ಅದು ಉಳಿಯಿತು.

ನಮ್ಮ ಮೈಸ್ಟರರು 2002 ಟರ್ಬೊಗೆಂದು ಹಣ ಕೂಡಿಸಿಟ್ಟಿದ್ದರಂತೆ. ಆ ಚಳಿಗಾಲದಲ್ಲಿ ಅದೇ ಹಣದಲ್ಲಿ ಮನೆ ಬೆಚ್ಚಗಿಡುವ ಹೊಸ ಬಾಯ್ಲರು ಬಂತು. "ಬಾಯ್ಲರು ಚೆನ್ನಾಗಿದೆ" ಎಂದು ಹೆಂಡತಿಗೆ ಕೇಳುವಂತೆ ಹೇಳಿ, ನನ್ನ ಕಡೆ ಕಣ್ಣು ಮಿಟುಕಿಸುತ್ತಿದ್ದರು. ಹತ್ತು ವರ್ಷದ ಮೇಲೆ ಈಗ ತಾವೇ ಕಟ್ಟಲು ಕೂತಿದ್ದರು. ಅದಕ್ಕೊಂದು ನೆಪವೂ ಇತ್ತು. 1983ರಲ್ಲಿ ನೆಲ್ಸನ್ ಪಿಕೆ ಫಾರ್ಮುಲಾ ಒನ್ ಚಾಂಪಿಯನ್ ಆದದ್ದು ಬಿ.ಎಂ.ಡಬ್ಲ್ಯು. ಟರ್ಬೊದಿಂದ. ಒಂದೂವರೆ ಲೀಟರಿನ ಆ ಎಂಜಿನ್ನಿನ ಬೀಡುಕಬ್ಬಿಣದ ಬ್ಲಾಕು ಇದೇ ಫಾಲ್ಕನ್‌ಹೌಸನ್ನರ ನಾಲ್ಕು ಸಿಲಿಂಡರಿನ ವಂಶದ್ದು. "ಜಗತ್ತು ಗೆದ್ದ ಬ್ಲಾಕು ನನ್ನ ಶೆಡ್ಡಿನಲ್ಲಿ ಸುಮ್ಮನೆ ಕೂತಿರಬೇಕೇ?" ಎನ್ನುವುದು ಅವರ ವಾದ.

ಟರ್ಬೊ ಕಟ್ಟುವುದೆಂದರೆ ಟರ್ಬೊ ತಂದು ಬಿಗಿಯುವುದಲ್ಲ. ಮೊದಲು ಎಂಜಿನ್ನಿನ ಸ್ವಭಾವ ಇಳಿಸಬೇಕು. ಟಿಐಐಯ ಕಂಪ್ರೆಷನ್ ಒಂಬತ್ತೂವರೆಗೆ ಒಂದು. ಮೊದಲೇ ಒತ್ತಿದ ಗಾಳಿಯನ್ನು ಅಷ್ಟೇ ಒತ್ತಿದರೆ ಕಿಡಿ ಹಾರುವ ಮುಂಚೆಯೇ ಪೆಟ್ರೋಲು ಸಿಡಿಯುತ್ತದೆ. ಕಂಪನಿಯ ಟರ್ಬೊದಲ್ಲಿ ಅದನ್ನು 6.9ಕ್ಕೆ ಇಳಿಸಿದ್ದರು, ಮೈಸ್ಟರರು ತಲೆ ತಗ್ಗಾದ ಪಿಸ್ಟನ್ನುಗಳನ್ನು ಮಾಡಿಸಿ ಏಳಕ್ಕೆ ತಂದರು. ಹೊಗೆಯ ಮ್ಯಾನಿಫೋಲ್ಡನ್ನು ಬೀಡಿನಲ್ಲಿ ಎರಕ ಹೊಯ್ಯಿಸಿದ್ದಾಯಿತು. ಟರ್ಬೊ ಫ್ರಾಂಕೆನ್‌ಟಾಲ್ ಊರಿನ ಕೆ.ಕೆ.ಕೆ. ಕಂಪನಿಯದು. ಅದರ ಅಚ್ಚು ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಹೆಚ್ಚು ತಿರುಗುವಂಥದ್ದು. ಗುಂಡಿನ ಬೇರಿಂಗ್ ಇಲ್ಲ, ಎಣ್ಣೆಯ ಪದರದ ಮೇಲೆ ತೇಲುತ್ತದೆ. ಆ ಎಣ್ಣೆ ಹೋಗುವುದು ಒತ್ತಡದಿಂದ, ಬರುವುದು ಮಾತ್ರ ತನ್ನ ಭಾರದಿಂದಲೇ ಇಳಿದು. ಈ ಎಂಜಿನ್ನೋ ಮೂವತ್ತು ಡಿಗ್ರಿ ಓರೆಯಾಗಿ ಮಲಗಿದೆ, ಜಾಗವೇ ಇಲ್ಲ. ಎಣ್ಣೆ ಇಳಿಯುವ ಕೊಳವೆಗೆ ಎರಡು ಬೆರಳು ಇಳಿಜಾರು ಸಿಗಲೆಂದು ಟರ್ಬೊವನ್ನು ಮೂರು ಸಲ ಬಿಚ್ಚಿ ಕಟ್ಟಿದೆವು. ನವೆಂಬರ್ ಪೂರ್ತಿ ಅದರಲ್ಲೇ ಹೋಯಿತು. ಶನಿವಾರ ಮಾತ್ರ ಕೆಲಸ. ಭಾನುವಾರ ಸುತ್ತಿಗೆ ಸದ್ದು ಕೇಳಿದರೆ ಅಕ್ಕಪಕ್ಕದವರು ಸುಮ್ಮನಿರುವ ಊರಲ್ಲ ಅದು.

ಪೆಟ್ರೋಲಿನ ಪಂಪಿನಲ್ಲಿ ನನ್ನ ಕೈವಾಡ ಬಂತು. ಟಿಐಐಗೆ ಇರುವುದು ಕೂಗೆಲ್‌ಫಿಷರ್ ಎಂಬ ಯಾಂತ್ರಿಕ ಪಂಪು. ಆಕ್ಸಲರೇಟರ್ ಎಷ್ಟು ತುಳಿದಿದೆ, ಎಂಜಿನ್ ಎಷ್ಟು ತಿರುಗುತ್ತಿದೆ, ಇವೆರಡನ್ನು ನೋಡಿ ಪೆಟ್ರೋಲು ಅಳೆಯುತ್ತದೆ. ಟರ್ಬೊ ಎಷ್ಟು ಗಾಳಿ ತುರುಕುತ್ತಿದೆ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಡೀಸೆಲ್ ಪಂಪುಗಳಲ್ಲಿ ಇದಕ್ಕೆಂದೇ ಒಂದು ಡಯಾಫ್ರಂ ಡಬ್ಬಿ ಇರುತ್ತದೆ. ಗಾಳಿ ಒತ್ತಿದಷ್ಟೂ ಎಣ್ಣೆ ಹೆಚ್ಚಿಸುವ ಡಬ್ಬಿ. ಅದನ್ನೇ ಇಲ್ಲಿ ಕೂರಿಸೋಣ ಎಂದವನು ನಾನು. ಮೈಸ್ಟರರು ಒಂದು ನಿಮಿಷ ನನ್ನನ್ನೇ ನೋಡಿ, ಕೈ ಕುಲುಕಿದರು. ಆ ವಾರವೆಲ್ಲ ನಾನು ನೆಲದಿಂದ ಒಂದಡಿ ಮೇಲೆ ಓಡಾಡಿದೆ.

ಏಪ್ರಿಲಿನಲ್ಲಿ ಎಂಜಿನ್ ಹೊತ್ತಿತು. ನಾಲ್ಕು ಶನಿವಾರ ಪ್ಲಗ್ಗಿನ ಬಣ್ಣ ನೋಡಿ ನೋಡಿ ಡಬ್ಬಿಯ ತಿರುಪನ್ನು ಹದಕ್ಕೆ ತಂದು, ಮೈಸ್ಟರರು ಅದರ ಮೇಲೆ ಹಳದಿ ಬಣ್ಣದ ಬೊಟ್ಟಿಟ್ಟರು. ಇನ್ನು ಮುಟ್ಟಬಾರದು ಎಂದರ್ಥ. ಮುಂದಿನ ವಾರ ಟಿ.ಯು.ವಿ. ತಪಾಸಣೆ. ಆ ದೇಶದಲ್ಲಿ ಎಂಜಿನ್ನಿಗೆ ಏನು ಬದಲಾವಣೆ ಮಾಡಿದರೂ ಅವರು ನೋಡಿ ಕಾರಿನ ಕಾಗದದಲ್ಲಿ ಬರೆಯಬೇಕು, ಇಲ್ಲವಾದರೆ ರಸ್ತೆಗೆ ತರುವಂತಿಲ್ಲ.

ಅಂದು ಬೆಳಿಗ್ಗೆ ಮೈಸ್ಟರರು ಬ್ರೆಡ್ಡು ತರಲು ಹೋಗಿದ್ದರು. ನಾನು ಎಂಜಿನ್ ಚಾಲೂ ಮಾಡಿ ಎರಡು ಸಲ ಆಕ್ಸಲರೇಟರ್ ಒತ್ತಿದೆ. ಹಿಂದಿನಿಂದ ಕಪ್ಪು ಹೊಗೆ. ಈ ಹೊಗೆ ನೋಡಿದರೆ ತಪಾಸಣೆಯವರು ಏನಂದಾರು ಎನಿಸಿತು. ಹನ್ನೊಂದು ವರ್ಷ ಡೀಸೆಲ್ಲಿನಲ್ಲಿ ಬೆಂದವನು ನಾನು. ಡೀಸೆಲ್ಲಿನಲ್ಲಿ ಕಪ್ಪು ಹೊಗೆ ಎಂದರೆ ಎಣ್ಣೆ ಹೆಚ್ಚು, ಎಣ್ಣೆ ಹೆಚ್ಚಾದರೆ ಬಿಸಿ ಹೆಚ್ಚು, ಕಡಿಮೆ ಮಾಡಿದರೆ ಎಂಜಿನ್ನಿಗೆ ಕ್ಷೇಮ. ಉಪಕಾರ ಮಾಡುತ್ತಿದ್ದೇನೆಂದೇ ತಿಳಿದು ತಿರುಪನ್ನು ಒಂದೂಕಾಲು ಸುತ್ತು ಹಿಂದಕ್ಕೆ ತಿರುಗಿಸಿದೆ. ಹೊಗೆ ನಿಂತಿತು. ಬೊಟ್ಟು ಒಡೆದಿತ್ತು, ಪಕ್ಕದಲ್ಲೇ ಇದ್ದ ಬಣ್ಣದ ಡಬ್ಬ ತೆಗೆದು ಹೊಸ ಬೊಟ್ಟಿಟ್ಟೆ. ಈ ಕೊನೆಯ ಕೆಲಸ ಯಾಕೆ ಮಾಡಿದೆ ಎಂದು ಇವತ್ತಿಗೂ ನನ್ನನ್ನೇ ಕೇಳಿಕೊಳ್ಳುತ್ತೇನೆ. ಉಪಕಾರಕ್ಕೆ ಬೊಟ್ಟು ಬೇಕಿರಲಿಲ್ಲ.

ಮಧ್ಯಾಹ್ನ ಉಲ್ಮ್ ಕಡೆಗೆ ಹೋಗುವ ಆಟೋಬಾನಿನಲ್ಲಿ, ಸ್ವಾಬಿಯನ್ ಗುಡ್ಡಗಳ ಏರಿನಲ್ಲಿ, ಮೈಸ್ಟರರು ಮೊದಲ ಸಲ ಪೂರ್ತಿ ತುಳಿದರು. ಮೂರೂವರೆ ಸಾವಿರ ಸುತ್ತಿನವರೆಗೆ ಏನೂ ಇಲ್ಲ. ಆಮೇಲೆ ಯಾರೋ ಬೆನ್ನಿಗೆ ಕೈಯಿಟ್ಟು ನೂಕಿದ ಹಾಗೆ. ಮೈಸ್ಟರರು ಹುಡುಗನ ಹಾಗೆ ನಕ್ಕರು. ಅದರ ಹಿಂದೆಯೇ ತಗಡಿನ ಡಬ್ಬದಲ್ಲಿ ಕಡಲೆಕಾಳು ಅಲ್ಲಾಡಿಸಿದಂಥ ಸದ್ದು, ಎರಡೋ ಮೂರೋ ಸೆಕೆಂಡು. ಅವರು ಕಾಲು ತೆಗೆಯುವಷ್ಟರಲ್ಲಿ ಹಿಂದೆಲ್ಲ ನೀಲಿ ಹೊಗೆ.

ಹೆಡ್ಡು ಬಿಚ್ಚಿದಾಗ ಮೂರನೇ ಪಿಸ್ಟನ್ನಿನ ನೆತ್ತಿಯಲ್ಲಿ ನಾಲ್ಕಾಣೆಯಷ್ಟು ತೂತು, ಅಂಚು ಬೆಲ್ಲದ ಅಚ್ಚು ಕರಗಿದ ಹಾಗೆ. ಮೈಸ್ಟರರು ಬೆರಳಿಂದ ಸವರಿ, "ಬಡಕಲು" ಎಂದರು. ಜರ್ಮನರು ಪೆಟ್ರೋಲು ಹೆಚ್ಚಿರುವ ಮಿಶ್ರಣವನ್ನು ಕೊಬ್ಬಿದ್ದು ಎಂದೂ ಕಡಿಮೆ ಇರುವುದನ್ನು ಬಡಕಲು ಎಂದೂ ಕರೆಯುತ್ತಾರೆ. ಪೆಟ್ರೋಲ್ ಎಂಜಿನ್ನಿನಲ್ಲಿ ಲೆಕ್ಕ ತಿರುವುಮುರುವು: ಪೂರ್ತಿ ಭಾರ ಎಳೆಯುವಾಗ ಹೆಚ್ಚಿನ ಪೆಟ್ರೋಲು ಆವಿಯಾಗುತ್ತ ಸಿಲಿಂಡರನ್ನು ತಂಪಿಡುತ್ತದೆ. ಕಡಿಮೆ ಮಾಡಿದರೆ ಬಿಸಿ ಏರಿ, ಮಿಶ್ರಣ ತಾನೇ ಸಿಡಿದು, ಪಿಸ್ಟನ್ನು ಕರಗುತ್ತದೆ. ಪುಸ್ತಕದಲ್ಲಿ ಓದಿದ್ದೆ. ಕೈಗೆ ಗೊತ್ತಿರಲಿಲ್ಲ.

ನಾನು ಬಾಯಿ ಬಿಡಲಿಲ್ಲ. ಮುಂದಿನ ಎರಡು ಶನಿವಾರ ಅವರು ಪೆಟ್ರೋಲಿನ ಒತ್ತಡ ಅಳೆದರು, ಇಂಜೆಕ್ಟರು ಬಿಚ್ಚಿದರು, ಇಗ್ನಿಷನ್ ನೋಡಿದರು. ಎಲ್ಲ ಸರಿ. ಬೊಟ್ಟಿನ ಮೇಲೆ ಅವರಿಗೆ ಅನುಮಾನವೇ ಬರಲಿಲ್ಲ, ಅದು ಒಡೆದಿರಲಿಲ್ಲವಲ್ಲ. ಕೊನೆಗೆ, "ಕಣ್ಣು ಮಂಜಾಗಿದೆ ಹೆರ್ ಇಂಜಿನಿಯರ್, ಟೈಮಿಂಗ್ ಗುರುತು ನಾನೇ ತಪ್ಪಾಗಿ ಓದಿರಬೇಕು. ಇನ್ನು ಇಂಥ ಕೆಲಸಕ್ಕೆ ಕೈ ಹಾಕಬಾರದು" ಎಂದು ಕನ್ನಡಕ ಒರೆಸಿಕೊಂಡರು. ಆಗ ಹೇಳಿಬಿಟ್ಟೆ. ತಿರುಪನ್ನೂ ಹೇಳಿದೆ, ಬೊಟ್ಟನ್ನೂ ಹೇಳಿದೆ.

ಅವರು ಬೈಯಲಿಲ್ಲ. ಕೈ ಒರೆಸಿಕೊಂಡು, ದೀಪ ಆರಿಸಿ, ಶೆಡ್ಡಿಗೆ ಬೀಗ ಹಾಕಿ ಒಳಗೆ ಹೋದರು. ಊಟಕ್ಕೆ ಕರೆಯಲಿಲ್ಲ. ಕೊನೆಯ ಬಸ್ಸಿಗೆ ಒಂದು ಗಂಟೆ ಇತ್ತು, ನಿಲ್ದಾಣದಲ್ಲಿ ಕೂತೆ.

ಮುಂದಿನ ಶನಿವಾರ ಹೋಗಲೋ ಬೇಡವೋ ಎಂದು ತೂಗಿ, ಒಂದು ಲಕೋಟೆಯಲ್ಲಿ ಪಿಸ್ಟನ್ನುಗಳ ಹಣ ಹಾಕಿಕೊಂಡು ಹೋದೆ. ಬೇಡ ಎನ್ನಬಹುದು ಎಂಬ ಆಸೆ ಒಳಗೊಳಗೆ ಇತ್ತು. ಅವರು ತೆಗೆದುಕೊಂಡರು, ಎಣಿಸಿಯೇ ತೆಗೆದುಕೊಂಡರು. ಆಮೇಲೆ, "ಕೋಟು ತೆಗೆದಿಡಿ, ಬೋರು ಉಜ್ಜಬೇಕು" ಎಂದರು.

ಜೂನ್ ಕೊನೆಗೆ ಎಂಜಿನ್ ಮತ್ತೆ ಕೂತಿತು. ಡಬ್ಬಿಯ ತಿರುಪನ್ನು ಈ ಸಲ ನನ್ನ ಕೈಯಲ್ಲೇ ಹದ ಮಾಡಿಸಿ, ಬಣ್ಣದ ಕುಂಚವನ್ನೂ ನನಗೇ ಕೊಟ್ಟು ಪಕ್ಕದಲ್ಲಿ ನಿಂತರು. ಟಿ.ಯು.ವಿ.ಯವರು ಒಂದು ದಿನ ಪೂರ್ತಿ ತಡಕಾಡಿ ಕಾಗದದಲ್ಲಿ ಬರೆದುಕೊಟ್ಟರು. ಅದೇ ಏರನ್ನು ಅದೇ ಗೇರಿನಲ್ಲಿ ಹತ್ತಿದೆವು. ಇಬ್ಬರೂ ಮಾತಾಡಲಿಲ್ಲ, ಕಡಲೆಕಾಳಿಗಾಗಿ ಕಿವಿಗೊಟ್ಟು ಕೂತಿದ್ದೆವು. ಬರಲಿಲ್ಲ.

ಮನೆ ಮುಂದೆ ನಿಂತಾಗ ಅವರು ಎಂಜಿನ್ ಆರಿಸಲಿಲ್ಲ. ಕೂಡಲೇ ಆರಿಸಿದರೆ ಎಣ್ಣೆಯ ಹರಿವು ನಿಲ್ಲುತ್ತದೆ; ಕಾದು ಕೆಂಪಾದ ಟರ್ಬೊದೊಳಗೆ ಉಳಿದ ಎಣ್ಣೆ ಸುಟ್ಟು ಕರಕಾಗಿ ಅಚ್ಚನ್ನು ತಿನ್ನುತ್ತದೆ. ಕೈಗಡಿಯಾರ ನೋಡುತ್ತ ಕೂತರು. ಅವರ ಹೆಂಡತಿ ಅಡುಗೆಮನೆಯ ಕಿಟಕಿ ತೆರೆದು ಸೂಪು ಆರುತ್ತಿದೆ, ಇಬ್ಬರೂ ಬನ್ನಿ ಎಂದು ಕೂಗಿದರು. ಮೈಸ್ಟರರು ಗಡಿಯಾರದಿಂದ ಕಣ್ಣು ತೆಗೆಯದೆ, ಇನ್ನೊಂದು ನಿಮಿಷ ಎಂದು ಬೆರಳು ತೋರಿಸಿದರು.