ಹೊಟ್ಟೆಯ ಮೇಲಿನ ಗೆರೆ

ನನ್ನ ಹೊಟ್ಟೆಯ ಬಲಗಡೆ ಒಂದು ಗೇಣಿಗೆ ತುಸು ಕಡಮೆಯಾದ ಗೆರೆಯೊಂದಿದೆ. 1968ನೆಯ ಇಸವಿಯಲ್ಲಿ, ನಾನು ಹೈಸ್ಕೂಲಿನಲ್ಲಿದ್ದಾಗ, ಅಪೆಂಡಿಕ್ಸ್ ಒಡೆದು ಕೀವು ಒಳಗೆಲ್ಲ ಹರಡಿತ್ತು. ಊರಿನ ಆಸ್ಪತ್ರೆಯ ಡಾಕ್ಟರು ಹೊಟ್ಟೆ ತೆರೆದು, ಕೀವು ಬಸಿದುಹೋಗಲೆಂದು ರಬ್ಬರಿನ ನಳಿಕೆ ಇಟ್ಟು, ನನ್ನನ್ನು ಬದುಕಿಸಿದರು. ಗಾಯ ಮಾಯಲು ಒಂದೂವರೆ ತಿಂಗಳು ಹಿಡಿಯಿತು.

ಹೋದ ವರ್ಷ ನನ್ನ ತಮ್ಮನ ಮೊಮ್ಮಗಳಿಗೆ ಅದೇ ರೋಗ, ಅದೇ ಹಂತದಲ್ಲಿ ಬಂದಿತು. ಮೂರು ಸಣ್ಣ ರಂಧ್ರಗಳಿಂದಲೇ ಕೆಲಸ ಮುಗಿಸುತ್ತೇವೆಂದು ಡಾಕ್ಟರು ಹೇಳಿದಾಗ ತಮ್ಮನಿಗೆ ಧೈರ್ಯ ಬರಲಿಲ್ಲ. "ಒಳಗೆ ಕೀವು ತುಂಬಿದೆ ಅಂತೀರಿ ಡಾಕ್ಟ್ರೇ, ತೆರೆದು ನೋಡದೆ ಅದನ್ನ ಹೇಗೆ ತೆಗೀತೀರಿ?" ಎಂದು ಕೇಳಿಯೇಬಿಟ್ಟ. ಅದು ದಡ್ಡ ಪ್ರಶ್ನೆಯಲ್ಲ. ವೈದ್ಯರೇ ತಮ್ಮೊಳಗೆ ಎಷ್ಟೋ ವರ್ಷ ವಾದಿಸಿದ ಪ್ರಶ್ನೆ ಅದು.

ಅಪೆಂಡಿಕ್ಸ್ ಎಂದರೆ ದೊಡ್ಡ ಕರುಳಿನ ಮೊದಲಲ್ಲಿ ಹುಳುವಿನಂತೆ ಜೋತಿರುವ ಕುರುಡು ನಾಳ. ಅದರ ಬಾಯಿ ಕಟ್ಟಿದರೆ ಊದಿಕೊಳ್ಳುತ್ತದೆ, ರಕ್ತದ ಓಟ ನಿಂತು ಕೊಳೆಯುತ್ತದೆ, ಕೊನೆಗೆ ಒಡೆಯುತ್ತದೆ. ಇದನ್ನು ಕತ್ತರಿಸಿ ತೆಗೆದು ರೋಗಿ ಬದುಕಿದ ಮೊದಲ ದಾಖಲೆ 1735ರದು. ಲಂಡನ್ನಿನ ಕ್ಲಾಡಿಯಸ್ ಅಮ್ಯಾಂಡ್ ಎಂಬ ಶಸ್ತ್ರವೈದ್ಯ 11 ವರ್ಷದ ಹುಡುಗನೊಬ್ಬನ ಹರ್ನಿಯಾ ಬಿಡಿಸುವಾಗ, ಆ ಚೀಲದೊಳಗೆ ಗುಂಡುಸೂಜಿ ಚುಚ್ಚಿ ತೂತಾಗಿದ್ದ ಅಪೆಂಡಿಕ್ಸ್ ಸಿಕ್ಕಿತು. ಮತ್ತಿನ ಔಷಧವೇ ಇಲ್ಲದ ಕಾಲ! ಆ ಹುಡುಗ ಬದುಕಿದ್ದೇ ಸೋಜಿಗ. ಆದರೂ ಬಲಹೊಟ್ಟೆಯ ಮಾರಕ ನೋವಿಗೆ ಮೂಲ ಇದೇ ಎಂದು ಸ್ಪಷ್ಟವಾಗಿ ತೋರಿಸಿ, ರೋಗಕ್ಕೆ ಅಪೆಂಡಿಸೈಟಿಸ್ ಎಂದು ಹೆಸರಿಟ್ಟವರು ಬಾಸ್ಟನ್ನಿನ ರೆಜಿನಾಲ್ಡ್ ಫಿಟ್ಜ್, ಅದು 1886ರಲ್ಲಿ. ಸ್ನಾಯುಗಳನ್ನು ಅಡ್ಡ ಕೊಯ್ಯದೆ, ಎಳೆಗಳ ಉದ್ದಕ್ಕೆ ಬಿಡಿಸಿಕೊಂಡು ಒಳಹೋಗುವ ಕ್ರಮವನ್ನು ನ್ಯೂಯಾರ್ಕಿನ ಚಾರ್ಲ್ಸ್ ಮೆಕ್‌ಬರ್ನಿ 1894ರಲ್ಲಿ ಪ್ರಕಟಿಸಿದರು.

ಹೊಸ ಶಸ್ತ್ರಚಿಕಿತ್ಸೆಯನ್ನು ಲೋಕದ ಬಾಯಿಗೆ ತಂದದ್ದು ಮಾತ್ರ ಒಬ್ಬ ಅರಸನ ಹೊಟ್ಟೆನೋವು. ಏಳನೆಯ ಎಡ್ವರ್ಡನ ಪಟ್ಟಾಭಿಷೇಕ 1902ರ ಜೂನ್ 26ಕ್ಕೆ ಗೊತ್ತಾಗಿತ್ತು. ನಾನಾ ದೇಶಗಳ ಅತಿಥಿಗಳು ಲಂಡನ್ನಿಗೆ ಬಂದಿಳಿದಿದ್ದರು. ಅರಸನ ಹೊಟ್ಟೆಯಲ್ಲಿ ಕೀವುಗಡ್ಡೆ ಬೆಳೆದಿತ್ತು. ಜೂನ್ 24ರಂದು ಅರಮನೆಯಲ್ಲೇ ಫ್ರೆಡರಿಕ್ ಟ್ರೀವ್ಸ್ ಹೊಟ್ಟೆ ತೆರೆದರು. ಅದಕ್ಕೆ ಎರಡು ವರ್ಷ ಹಿಂದೆ ಅವರ ಸ್ವಂತ ಮಗಳೇ ಇದೇ ರೋಗಕ್ಕೆ ಬಲಿಯಾಗಿದ್ದಳು; ಆ ದಿನ ಕತ್ತಿ ಹಿಡಿದ ಕೈಯ ಹಿಂದಿನ ಮನಸ್ಸು ಹೇಗಿದ್ದಿರಬೇಕು! ಟ್ರೀವ್ಸ್ ಅಪೆಂಡಿಕ್ಸನ್ನು ತೆಗೆಯಲೇ ಇಲ್ಲ. ಕೀವನ್ನು ಹೊರಬಿಟ್ಟು, ಬಸಿಯಲು ದಾರಿ ಮಾಡಿ ಸುಮ್ಮನಾದರು. ಆಗಸ್ಟ್ 9ರಂದು ಪಟ್ಟಾಭಿಷೇಕ ನಡೆಯಿತು. ಅರಸನು ತೀರಿಕೊಂಡದ್ದು 1910ರಲ್ಲಿ, ಬೇರೆ ಕಾಯಿಲೆಯಿಂದ.

ಈ ಕಥೆಯಲ್ಲಿ ಒಂದು ಪಾಠವಿದೆ. ರೋಗ ಉಲ್ಬಣಿಸಿದಾಗ ಕೊಲ್ಲುವುದು ಆ ಪುಟ್ಟ ನಾಳವಲ್ಲ, ಕೀವು. ಆದ್ದರಿಂದ ಒಡೆದ ಅಪೆಂಡಿಕ್ಸಿಗೆ ಶಸ್ತ್ರವೈದ್ಯರು ಅಂಜದೆ ದೊಡ್ಡದಾಗಿಯೇ ಕೊಯ್ಯುತ್ತಿದ್ದರು. ಕೀವು ಎಲ್ಲೆಡೆ ಹರಡಿದ್ದರೆ ಹೊಟ್ಟೆಯ ನಡುವೆ ಉದ್ದಕ್ಕೂ ತೆರೆಯುತ್ತಿದ್ದರು. ಕಣ್ಣಿಗೆ ಕಾಣಬೇಕು, ಕೈಗೆ ಎಟುಕಬೇಕು ಎಂಬುದು ಅವರ ನೀತಿ. ಅದಕ್ಕೆ ತೆರವೂ ಇತ್ತು. ಕೀವು ತಾಕಿದ ಗಾಯ ತಾನೇ ಕೀವಾಗುತ್ತಿತ್ತು, ಹೊಲಿಗೆ ಬಿಚ್ಚುತ್ತಿತ್ತು, ಮುಂದೆ ಅಲ್ಲಿಯೇ ಹರ್ನಿಯಾ ಆಗುವುದೂ ಉಂಟು. ಪೆನಿಸಿಲಿನ್ ಬಂದ ಮೇಲೆ ಸಾವು ಬಹಳ ಇಳಿಯಿತಾದರೂ ಗಾಯದ ಗೋಳು ಪೂರಾ ತಪ್ಪಲಿಲ್ಲ.

1980ರಲ್ಲಿ ಜರ್ಮನಿಯ ಕೀಲ್ ನಗರದಲ್ಲಿ ಕುರ್ಟ್ ಸೆಮ್ ಎಂಬುವರು ಅಪೆಂಡಿಕ್ಸನ್ನು ರಂಧ್ರಗಳ ಮೂಲಕವೇ ತೆಗೆದರು. ಹೊಟ್ಟೆಯೊಳಗೆ ಇಂಗಾಲದ ಡೈಆಕ್ಸೈಡ್ ಅನಿಲ ತುಂಬಿ ಡೇರೆಯಂತೆ ಎಬ್ಬಿಸುವುದು, ಒಂದು ರಂಧ್ರದಲ್ಲಿ ದೀಪದ ದುರ್ಬೀನು, ಉಳಿದವುಗಳಲ್ಲಿ ಉದ್ದ ಹಿಡಿಯ ಕತ್ತರಿ, ಚಿಮಟ: ಇದೇ ಲ್ಯಾಪ್ರೊಸ್ಕೋಪಿ. ಸೆಮ್ ಸ್ತ್ರೀರೋಗ ತಜ್ಞರು. ಶಸ್ತ್ರವೈದ್ಯರ ಸೀಮೆಗೆ ಕಾಲಿಟ್ಟದ್ದೇ ತಪ್ಪಾಯಿತು. ಅವರನ್ನು ವೃತ್ತಿಯಿಂದ ಅಮಾನತು ಮಾಡಬೇಕೆಂದು ಜರ್ಮನ್ ಶಸ್ತ್ರವೈದ್ಯರ ಸಂಘದ ಅಧ್ಯಕ್ಷರೇ ಒತ್ತಾಯಿಸಿದರು.

ವಿರೋಧಿಗಳನ್ನು ಬರಿಯ ಮತ್ಸರಿಗಳೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅಪೆಂಡಿಕ್ಸ್ ಒಡೆದಿರುವಾಗ ಅನಿಲದ ಒತ್ತಡ ಕೀವನ್ನು ಮೂಲೆಮೂಲೆಗೂ ಹರಡೀತು ಎಂಬ ಭಯ ಅನೇಕರಲ್ಲಿತ್ತು. ಬಹುಕಾಲ ಉಲ್ಬಣಿಸಿದ ರೋಗಕ್ಕೆ ಈ ಕ್ರಮ ಸಲ್ಲದೆಂದೇ ಹೇಳುತ್ತಿದ್ದರು. ಅಂಕಿ ಅಂಶಗಳು ಆ ಭಯವನ್ನು ಸುಳ್ಳೆಂದೂ ಹೇಳಲಿಲ್ಲ. ಸೌಮ್ಯವೂ ತೀವ್ರವೂ ಆದ ರೋಗಿಗಳನ್ನೆಲ್ಲ ಸೇರಿಸಿದ 85 ಪ್ರಯೋಗಗಳನ್ನು ಕಾಕ್ರೇನ್ ಸಂಸ್ಥೆಯ ವಿಮರ್ಶಕರು 2018ರಲ್ಲಿ ತೂಗಿ ನೋಡಿದರು. ವಯಸ್ಕರಲ್ಲಿ ರಂಧ್ರದ ಕ್ರಮದಿಂದ ಗಾಯದ ಸೋಂಕು ಅರ್ಧಕ್ಕಿಂತ ಕಡಮೆಯಾಗಿತ್ತು, ನೋವೂ ಕಡಮೆ, ಆಸ್ಪತ್ರೆಯ ವಾಸ ಸುಮಾರು ಒಂದು ದಿನ ಕಡಮೆ. ಆದರೆ ಹೊಟ್ಟೆಯೊಳಗೆ ಮತ್ತೆ ಕೀವುಗಡ್ಡೆ ಕಟ್ಟುವ ಸಂಭವ ತೆರೆದ ಕ್ರಮಕ್ಕಿಂತ ತುಸು ಹೆಚ್ಚು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಂಡಂತೆ!

ಆದರೂ ಕೈ ಪಳಗಿದಂತೆ ಲೆಕ್ಕ ಬದಲಾಯಿತು. ಒಡೆದ ಅಪೆಂಡಿಕ್ಸಿನ ರೋಗಿಗಳನ್ನೇ ಗಮನಿಸಿದ ಈಚಿನ ಅಧ್ಯಯನಗಳಲ್ಲಿ ಕೀವುಗಡ್ಡೆಯ ಆ ಅಂತರ ಬಹುಮಟ್ಟಿಗೆ ಅಳಿಸಿಹೋಗಿದೆ. ತುರ್ತು ಶಸ್ತ್ರವೈದ್ಯರ ಜಾಗತಿಕ ಸಂಘವು 2020ರಲ್ಲಿ ಹೊರಡಿಸಿದ ಮಾರ್ಗಸೂಚಿ, ಉಪಕರಣವೂ ನುರಿತ ಕೈಯೂ ಇರುವಲ್ಲಿ ಉಲ್ಬಣಿಸಿದ ರೋಗಕ್ಕೂ ರಂಧ್ರದ ಕ್ರಮವೇ ಮೇಲೆಂದಿತು. ನೀರು ಹೊಯ್ದು ತೊಳೆಯುವುದಕ್ಕಿಂತ ಕೀವನ್ನು ಹೀರಿ ತೆಗೆದರೆ ಸಾಕೆಂಬುದೂ ಅದರ ಸಲಹೆ.

"ಇರುವಲ್ಲಿ" ಎಂಬ ಆ ಮಾತನ್ನು ನಾವು ಮರೆಯಬಾರದು. ನಮ್ಮ ದೇಶದಲ್ಲಿ ಈ ವಿದ್ಯೆಗೆ ಬುನಾದಿ ಹಾಕಿದವರು ಮುಂಬಯಿಯ ಡಾಕ್ಟರ್ ತೆಹೆಮ್ಟನ್ ಉದ್ವಾಡಿಯಾ. 1990ರಲ್ಲಿ ಅವರು ಜೆ.ಜೆ. ಆಸ್ಪತ್ರೆಯಲ್ಲಿ ಪಿತ್ತಕೋಶವನ್ನು ರಂಧ್ರದಿಂದ ತೆಗೆದು ದಾರಿ ತೋರಿದರು. ಆದರೆ ಅಪೆಂಡಿಕ್ಸ್ ಒಡೆಯುವಾಗ ದೊಡ್ಡ ಊರು, ಸಣ್ಣ ಊರು ಎಂದು ನೋಡುವುದಿಲ್ಲ. ಯಂತ್ರವಿರುವ ಊರಿಗೆ ರೋಗಿಯನ್ನು ಹೊತ್ತು ಅಲೆಯುವುದಕ್ಕಿಂತ, ಹತ್ತಿರದ ಆಸ್ಪತ್ರೆಯಲ್ಲಿ ಬಲ್ಲ ಕೈ ಬೇಗ ತೆರೆಯುವುದೇ ಲೇಸಾಗುವ ಸಂದರ್ಭಗಳು ಇಂದಿಗೂ ಉಂಟು. ರಂಧ್ರದಿಂದ ಆರಂಭಿಸಿದ ಡಾಕ್ಟರು ಕರುಳುಗಳು ಅಂಟಿಕೊಂಡಿರುವುದನ್ನು ಕಂಡು ಹೊಟ್ಟೆ ತೆರೆದರೆ, ಅದು ಸೋಲಲ್ಲ, ವಿವೇಕ.

ತಮ್ಮನ ಪ್ರಶ್ನೆಗೆ ಆ ಡಾಕ್ಟರು ಕೋಪಿಸಿಕೊಳ್ಳಲಿಲ್ಲ. "ದುರ್ಬೀನಿನಲ್ಲಿ ನನಗೆ ಇನ್ನೂ ಚೆನ್ನಾಗಿ ಕಾಣುತ್ತೆ, ಅಜ್ಜ. ಕಾಣದಿದ್ದರೆ ತೆರೀತೀನಿ, ಆ ಒಪ್ಪಿಗೆಯನ್ನೂ ಈಗಲೇ ಕೊಡಿ" ಎಂದರು. ತಮ್ಮ ಮಗನ ಕಡೆ ನೋಡಿದ. ಮಗ ಸಹಿ ಮಾಡಿದ. ತೆರೆಯುವ ಪ್ರಸಂಗ ಬರಲಿಲ್ಲ. ಐದನೆಯ ದಿನ ಹುಡುಗಿ ಮನೆಗೆ ಬಂದಳು.

ಒಂದು ಸಂಜೆ ಅವಳು ನನ್ನ ಗೆರೆಯನ್ನು ನೋಡಿ, "ಇಷ್ಟು ಉದ್ದ ಯಾಕೆ ಕೊಯ್ದರು, ದೊಡ್ಡಜ್ಜ?" ಎಂದು ಕೇಳಿದಳು. ಆ ಕಾಲದಲ್ಲಿ ಕೀವನ್ನು ಕಾಣಲು ಅಷ್ಟು ದೊಡ್ಡ ಬಾಗಿಲೇ ಬೇಕಾಗಿತ್ತು ಎಂದೆ. ಬಾಗಿಲು ಕಿರಿದಾಗಿದೆ, ಸಂತೋಷ. ಆದರೆ ಒಳಗಿನ ಕೀವನ್ನು ಹೊತ್ತು ಮೀರುವ ಮುನ್ನ ಹೊರಗೆ ಕಳುಹಿಸಬೇಕೆಂಬ ನಿಯಮ, ಅರಸನ ಹೊಟ್ಟೆಗೂ ನನ್ನ ಹೊಟ್ಟೆಗೂ ಅವಳ ಹೊಟ್ಟೆಗೂ ಒಂದೇ ಆಗಿ ಉಳಿದಿದೆ.